ಪುಟ್ಟಿಗೆ, ಆ 98ರ ಬಗ್ಗೆ

ದಾವಣಗೆರೆ

ಪ್ರೀತಿಯ ಪುಟ್ಟಿ,

ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಫೋಟೋ ನೋಡಿ, ಆಹಾರದ ಸ್ಯಾಂಪಲ್‌ನಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಹೇಳುವ ಪ್ರೋಗ್ರಾಂ ಬರೆದಿದ್ದೀಯ, ನೂರಕ್ಕೆ 98 ಸರಿ ಬರುತ್ತಿದೆ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ತುಂಬಾ ಖುಷಿಯಾಯಿತು. ಆದರೆ ರಾತ್ರಿಯೆಲ್ಲಾ ಆ 98 ತಲೆಯಲ್ಲೇ ಕೂತಿತ್ತು.

ಮೂವತ್ತು ವರ್ಷ ಲ್ಯಾಬಿನಲ್ಲಿ ಅದೇ ಪ್ಲೇಟ್ ನೋಡಿದವನು ನಾನು. ಎಕ್ಸ್‌ಎಲ್‌ಡಿ ಅಗರ್ ಅನ್ನುವ, ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ಮೇಲೆ 37 ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ ಸಾಲ್ಮೊನೆಲ್ಲಾ ಕೆಂಪು ಚುಕ್ಕೆಯಾಗಿ ಬೆಳೆಯುತ್ತದೆ, ನಡುವೆ ಕಪ್ಪು, ಮೀನಿನ ಕಣ್ಣಿನ ಹಾಗೆ. ಆದರೆ ಪ್ರೋಟಿಯಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಕೆಲವು ಸಲ ನಡುವೆ ಕಪ್ಪಾಗುತ್ತದೆ, ಸಾಲ್ಮೊನೆಲ್ಲಾದಲ್ಲೇ ಕಪ್ಪಾಗದವೂ ಇವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕಪ್ಪಿಲ್ಲ ಅಂತ ಒಂದು ಪ್ಲೇಟಿಗೆ 'ಇಲ್ಲ' ಅಂತ ಬರೆದುಬಿಟ್ಟೆ. ನಮ್ಮ ಮೇಡಂ ಸುಮ್ನೆ ಬಿಡಲಿಲ್ಲ. ಅದೇ ಚುಕ್ಕೆಯನ್ನು ಎತ್ತಿ, ಗಾಜಿನ ಸ್ಲೈಡಿನ ಮೇಲೆ ಸಾಲ್ಮೊನೆಲ್ಲಾ ಸಿಕ್ಕರೆ ಗಂಟುಕಟ್ಟಿಸುವ ಸೀರಂನ ಒಂದು ಹನಿ ಜೊತೆ ಕಲಸಿ ಮೆಲ್ಲಗೆ ಆಡಿಸಿದರು. ಹಾಲು ಒಡೆದ ಹಾಗೆ ಕಾಳು ಕಾಳಾಯಿತು. ಅದು ಸಾಲ್ಮೊನೆಲ್ಲಾನೇ. ಇವತ್ತಿಗೂ ಆ ಹನಿ ಕಣ್ಣಮುಂದಿದೆ.

ಅದಕ್ಕೇ ಕೇಳುತ್ತೇನೆ, ಪ್ರೋಗ್ರಾಂಗೆ ಕಲಿಸುವ ಫೋಟೋ, ಅದಕ್ಕೆ ಕೊಡುವ ಪರೀಕ್ಷೆಯ ಫೋಟೋ ಹೇಗೆ ಬೇರೆ ಮಾಡಿದೆ? ಒಂದೇ ಪ್ಲೇಟಿನ ಹತ್ತು ಫೋಟೋದಲ್ಲಿ ಎಂಟು ಆ ಕಡೆ, ಎರಡು ಈ ಕಡೆ ಹೋಗಿದ್ದರೆ, ಅದು ಉತ್ತರ ನೋಡಿಕೊಂಡು ಪರೀಕ್ಷೆ ಬರೆದ ಹಾಗೆ. ಒಂದು ಸ್ಯಾಂಪಲ್‌ನ ಫೋಟೋ ಎಲ್ಲಾ ಒಂದೇ ಕಡೆ ಇರುವ ಹಾಗೆ ಬೇರೆ ಮಾಡು. ಇನ್ನೊಂದು ಲ್ಯಾಬಿನ ಪ್ಲೇಟ್, ಇನ್ನೊಂದು ಫೋನಿನ ಫೋಟೋ ಕೊಟ್ಟು ನೋಡು. ನಂಬರ್ ಬಿದ್ದರೆ ಬೀಳಲಿ.

ಇನ್ನೊಂದು. ನೂರರಲ್ಲಿ ಎರಡೇ ಸ್ಯಾಂಪಲ್‌ನಲ್ಲಿ ಸಾಲ್ಮೊನೆಲ್ಲಾ ಇದ್ದರೆ, ಕಣ್ಣು ಮುಚ್ಚಿ ಎಲ್ಲಕ್ಕೂ 'ಇಲ್ಲ' ಅಂದವನಿಗೂ 98 ಬರುತ್ತದೆ ಅಲ್ವಾ? ಆ ಎರಡರಲ್ಲಿ ಎಷ್ಟನ್ನು ಹಿಡಿಯಿತು ಅನ್ನುವುದನ್ನು ಬೇರೆಯಾಗಿ ಬರೆ. ತಪ್ಪಿಸಿಕೊಂಡದ್ದು ಯಾರದೋ ಮಗುವಿನ ತಟ್ಟೆಗೆ ಹೋಗುತ್ತದೆ. ಹಾಗಂತ ಇಲ್ಲದ್ದನ್ನು ಇದೆ ಅಂದುಬಿಡುವುದೂ ಹಗುರವಲ್ಲ. 2011ರಲ್ಲಿ ಜರ್ಮನಿಯಲ್ಲಿ ಇ.ಕೋಲಿ ಅನ್ನುವ ಬ್ಯಾಕ್ಟೀರಿಯಾ ಹಬ್ಬಿ ಐವತ್ತಕ್ಕೂ ಜಾಸ್ತಿ ಜನ ಸತ್ತರು. ಮೊದಲು ಸ್ಪೇನಿನ ಸೌತೆಕಾಯಿ ಮೇಲೆ ಅನುಮಾನ ಬಿತ್ತು, ಅಲ್ಲಿನ ರೈತರ ಬೆಳೆ ಮಣ್ಣುಪಾಲಾಯಿತು. ಕೊನೆಗೆ ಸಿಕ್ಕಿದ್ದು ಮೆಂತ್ಯದ ಮೊಳಕೆ.

ನಿನ್ನ ಕೆಲಸ ಬೇಡ ಅಂತಲ್ಲ ಪುಟ್ಟಿ. ನಮ್ಮ ಹಳೇ ದಾರಿಯಲ್ಲಿ ಖಾತ್ರಿಯಾಗಲು ನಾಲ್ಕೈದು ದಿನ ಬೇಕು, ಅಷ್ಟರಲ್ಲಿ ನಾವು ಸ್ಯಾಂಪಲ್ ತೆಗೆದ ಪನೀರು ಎಲ್ಲರ ಮನೆ ಸೇರಿರುತ್ತದೆ. ಒಂದು ದಿನ ಉಳಿಸಿದರೂ ದೊಡ್ಡದು.

ಕಪ್ಪಾಗದ ಪ್ಲೇಟುಗಳ ವಿವರ ಬರೆದಿಟ್ಟ ನನ್ನ ನೋಟ್‌ಬುಕ್ ಹುಡುಕಿ ಇಟ್ಟಿದ್ದೇನೆ. ಭಾನುವಾರ ಬಾ, ದೊಡ್ಡಮ್ಮ ಮಿರ್ಚಿ ಮಂಡಕ್ಕಿ ಮಾಡುತ್ತಾಳಂತೆ. ಬರುವಾಗ ತಪ್ಪಾದ ಆ ಎರಡು ಫೋಟೋ ತಗೊಂಡು ಬಾ.

ನಿನ್ನ ದೊಡ್ಡಪ್ಪ