ಸಾಹೇಬ್ರ ಬೇಸಿಗೆ, ಮಗಳ ಭೂಮಿ

ಮಾನ್ಯರೇ,

ವಿಜ್ಞಾನ ದಿನದ ವಸ್ತುಪ್ರದರ್ಶನದ ಬಗ್ಗೆ ನಿಮ್ಮ ಭಾನುವಾರದ ವರದಿ ಓದಿದೆ. ಉದ್ಘಾಟನೆಗೆ ಬಂದ ಸಾಹೇಬ್ರು ಮಕ್ಕಳಿಗೆ ‘ಸರಳವಾಗಿ ವಿಜ್ಞಾನ ತಿಳಿಸಿಕೊಟ್ಟರು’ ಅಂತ ಬರೆದಿದ್ದೀರಿ. ನಾನೂ ಅಲ್ಲೇ ಇದ್ದೆ. ತಿಳಿಸಿಕೊಟ್ಟಿದ್ದು ಇಷ್ಟೇ: ಭೂಮಿ ಸೂರ್ಯನ ಹತ್ತಿರ ಹೋದರೆ ಬೇಸಿಗೆ, ದೂರ ಹೋದರೆ ಚಳಿಗಾಲ. ಜೋರು ಚಪ್ಪಾಳೆ ಬಿತ್ತು.

ನನ್ನ ಮಗಳ ಮಾದರಿಯೇ ಋತುಗಳದ್ದು. ಥರ್ಮೋಕೋಲ್ ಉಂಡೆಗೆ ಸೈಕಲ್ ಕಡ್ಡಿ ಚುಚ್ಚಿ, ಕೋನಮಾಪಕ ಹಿಡಿದು 23.5 ಡಿಗ್ರಿ ವಾಲಿಸಿದ್ದಳು. ಅಂಟು ಒಣಗುವ ತನಕ ರಾತ್ರಿ ಹನ್ನೊಂದರವರೆಗೆ ಅದನ್ನು ಅಲುಗಾಡದಂತೆ ಹಿಡ್ಕೊಂಡು ಕೂತವನು ನಾನು. ಬೆಳಿಗ್ಗೆ ಅಂಗಡಿ ಮುಚ್ಚಿ, ಭೂಮಿಯನ್ನು ತೊಡೆ ಮೇಲಿಟ್ಟುಕೊಂಡು ಆಟೋ ಹತ್ತಿದೆ. ಆ ರಸ್ತೆಯ ಗುಂಡಿಗಳು ನಿಮಗೆ ಗೊತ್ತೇ ಇವೆ. ಒಂದಕ್ಕೆ ಆಟೋ ಎಗರಿತು, ಭೂಮಿ ಪೂರ್ತಿ ಅಡ್ಡ ಮಲಗಿತು. ಹಾಗೆ ಮಲಗಿಕೊಂಡು ತಿರುಗೋದು ಯುರೇನಸ್ಸು. ಮತ್ತೆ ಅಂಟು, ಮತ್ತೆ ಕೋನಮಾಪಕ.

ಹತ್ತೂವರೆಗೆ ಬರಬೇಕಾದವರು ಒಂದೂವರೆಗೆ ಬಂದರು. ನೀರಿನ ಬಾಟಲಿ ವೇದಿಕೆಗೆ ಮಾತ್ರ. ಅಷ್ಟರಲ್ಲಿ ಕರೆಂಟ್ ಹೋಗಿ ಮಗಳ ಸೂರ್ಯನೂ ಆರಿದ. ಸಾಹೇಬ್ರು ಅವಳ ಟೇಬಲ್ ಮುಂದೆ ನಿಲ್ಲಲೇ ಇಲ್ಲ. ‘ಪಪ್ಪಾ, ಹಂಗಾರ ಪುಸ್ತಕದಾಗ ಬರೆದಿದ್ದು ಸುಳ್ಳೇನು?’ ಅಂತ ಕೇಳಿದಳು. ಏನು ಹೇಳಲಿ?

ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರೋದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿ.ಮೀ. ತೀರಾ ದೂರ ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ. ಸಾಹೇಬ್ರ ಲೆಕ್ಕದಲ್ಲಿ ಸಂಕ್ರಾಂತಿಗೆ ಕಲಬುರಗಿ ಬೆಂದು ಹೋಗಬೇಕಿತ್ತು! ನಾವು ಆಗ ಸ್ವೆಟರ್ ಹಾಕ್ಕೊಂಡು ಎಳ್ಳು ಬೆಲ್ಲ ಹಂಚುತ್ತೇವೆ. ಅದೇ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಬೇಸಿಗೆ. ದೂರದ್ದಲ್ಲ, ಆಟ ಎಲ್ಲ ವಾಲಿದ್ದರದ್ದು. ಭೂಮಿಯ ಯಾವ ಅರ್ಧ ಸೂರ್ಯನ ಕಡೆಗೆ ವಾಲಿರುತ್ತೋ ಅಲ್ಲಿ ಬಿಸಿಲು ನೆಟ್ಟಗೆ ಬೀಳುತ್ತೆ, ಹಗಲೂ ಜಾಸ್ತಿ. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಮ್ಮೂರಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ನಿಂತು, ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತೆ. ಕಾರಿನಿಂದ ಇಳಿದರೆ ತಾನೇ ಕಾಣೋದು?

ಮೊದಲ ಬಹುಮಾನ ಸೋಡಾಪುಡಿ, ವಿನೆಗರ್ ನೊರೆ ಉಕ್ಕಿಸಿದ ಜ್ವಾಲಾಮುಖಿಗೆ. ಮಗು ಮೇಲೆ ಸಿಟ್ಟಿಲ್ಲ. ಆದರೆ ಜಿಲ್ಲೆಯ ಕರಿಮಣ್ಣು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ನಿಜವಾದ ಲಾವಾದ ಕಲ್ಲಿನಿಂದ ಬಂದದ್ದು. ತೊಗರಿ ಬೆಳೆಯೋದೇ ಅದರಲ್ಲಿ. ಅದನ್ನು ಹೇಳೋರು ಒಬ್ಬರೂ ಇರಲಿಲ್ಲ.

ಇವರದ್ದೆಲ್ಲ ಹೀಗೇ. ಬಿಸಿಲು ಅಂತ ನಮ್ಮ ಭಾಗಕ್ಕೆ ಏಪ್ರಿಲ್, ಮೇನಲ್ಲಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಹೋದ ವರ್ಷ ಆದಾಯ ಪ್ರಮಾಣಪತ್ರಕ್ಕೆ ಆರು ಸಲ ಎಂಟಕ್ಕೇ ಹೋಗಿ ನಿಂತಿದ್ದೆ. ಕುರ್ಚಿ ತುಂಬಿದ್ದು ಹತ್ತಕ್ಕೆ. ಹನ್ನೆರಡಕ್ಕೆ ‘ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ.’ ನಲ್ಲಿ ನೀರಿನ ಕತೆ ಬೇರೆ, ಅದನ್ನು ಬರೆದರೆ ನಿಮ್ಮ ಪುಟ ಸಾಲದು.

ನೀವು ತಿದ್ದುಪಡಿ ಹಾಕಿ. ಇಲ್ಲಾ ಸಾಹೇಬ್ರೇ ಬಂದು ಮಕ್ಕಳ ಮುಂದೆ ತಪ್ಪಾಯ್ತು ಅನ್ನಲಿ. ಅದೂ ಆಗದಿದ್ದರೆ ಆ ರಸ್ತೆಯ ಗುಂಡಿಯಾದರೂ ಮುಚ್ಚಿಸಲಿ. ಗೊತ್ತಿಲ್ಲದಿದ್ದರೆ ರಿಬ್ಬನ್ ಕತ್ತರಿಸಿ ಸುಮ್ನೆ ಹೋಗಬಹುದಿತ್ತು, ಅಲ್ವಾ?

– ಒಬ್ಬ ಪಾಲಕ, ಕಲಬುರಗಿ