ಗಜನಿ ಅಂಚಿನ ದಾರಿಗಳು ಸೈಕಲ್ಲಿಗೆ ಉಳಿಯಲಿ

ಸಂಪಾದಕರಿಗೆ,

ಮಾನ್ಯರೇ,

ನಾನು ಕುಮಟಾ ತಾಲ್ಲೂಕಿನ ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮೂವತ್ತು ವರ್ಷ ಸೈಕಲ್ಲಿನಲ್ಲೇ ಶಾಲೆಗೆ ಹೋಗಿ ಬಂದವನು, ರಾಷ್ಟ್ರೀಯ ಹೆದ್ದಾರಿ 66 ಅಗಲವಾಗಿ ವಾಹನಗಳ ವೇಗ ಹೆಚ್ಚಿದ ಮೇಲೆ ಆ ಸೈಕಲ್ಲನ್ನು ಜಗಲಿಯ ಮೂಲೆಗೆ ಒರಗಿಸಿಟ್ಟೆ. ಈಚೆಗೆ ಪರದೇಶದ ಒಂದು ಕರಾವಳಿಯಲ್ಲಿ ಮತ್ತೆ ಸೈಕಲ್ ತುಳಿಯುವ ಅವಕಾಶ ಸಿಕ್ಕಿತು. ಅಲ್ಲಿ ಕಂಡದ್ದನ್ನು ನಮ್ಮ ಅಘನಾಶಿನಿ ಹೊಳೆಯ ದಂಡೆಯ ಜನರ ಮತ್ತು ಆಡಳಿತದವರ ಗಮನಕ್ಕೆ ತಂದು, ಇಲ್ಲಿನ ಗಜನಿಯ (ಹೊಳೆಯಂಚಿನ ಉಪ್ಪುನೀರಿನ ಗದ್ದೆಗಳ) ಅಂಚಿನ ದಾರಿಗಳನ್ನು ಸೈಕಲ್ಲಿಗೆ ಉಳಿಸಿಕೊಳ್ಳೋಣವೆಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಇಟಲಿಯ ಈಶಾನ್ಯ ಮೂಲೆಯಲ್ಲಿ ತ್ರಿಯೆಸ್ತೆ ಎಂಬ ಬಂದರು ನಗರವಿದೆ. ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ ಅವರು 1964ರಲ್ಲಿ ಸ್ಥಾಪಿಸಿದ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಅಲ್ಲಿರುವುದರಿಂದ ನಮ್ಮ ದೇಶದ ವಿಜ್ಞಾನಿಗಳಿಗೆ ಆ ಊರು ಹೊಸದಲ್ಲ. ಸಂಶೋಧನೆಗೆಂದು ಅಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅವಳು ಎರಡು ಸೈಕಲ್ ಬಾಡಿಗೆಗೆ ತಂದು, ‘ಅಪ್ಪಾ, ಇಲ್ಲಿ ಲಾರಿಯ ಹೆದರಿಕೆ ಇಲ್ಲ’ ಎಂದು ಹೊರಡಿಸಿದಳು. ಹೋದದ್ದು ಪರೆಂಜಾನಾ ಎಂಬ ದಾರಿಯಲ್ಲಿ.

ಪರೆಂಜಾನಾ ಮೊದಲು ರೈಲು ಮಾರ್ಗವಾಗಿತ್ತು. ಇಸ್ಟ್ರಿಯಾ ಪ್ರದೇಶವು ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದಾಗ, 1902ರಲ್ಲಿ, ತ್ರಿಯೆಸ್ತೆಯಿಂದ ಈಗಿನ ಕ್ರೊಯೇಶಿಯಾದ ಪೊರೆಚ್ ಪಟ್ಟಣದವರೆಗೆ 123 ಕಿ.ಮೀ. ಉದ್ದದ ಕಿರುಹಳಿ ಹಾಕಿದರು. ಪೊರೆಚ್ಚಿನ ಇಟಾಲಿಯನ್ ಹೆಸರು ಪರೆಂಜೊ ಆದ್ದರಿಂದ ರೈಲಿಗೂ ಅದೇ ಹೆಸರು ಬಂತು. ಹಳಿಗಳ ನಡುವಿನ ಅಂತರ 760 ಮಿ.ಮೀ., ಅಂದರೆ ಒಂದು ಕಾಲದಲ್ಲಿ ನಮ್ಮ ಬಂಗಾರಪೇಟೆ, ಕೋಲಾರದ ಕಡೆ ಓಡುತ್ತಿದ್ದ ಪುಟ್ಟ ರೈಲಿನಷ್ಟೇ ಹೆಚ್ಚುಕಡಿಮೆ. ಒಳನಾಡಿನ ಗುಡ್ಡದೂರುಗಳ ವೈನ್ ಮತ್ತು ಆಲಿವ್ ಎಣ್ಣೆಯನ್ನು, ಕಡಲಂಚಿನ ಆಗರಗಳ ಉಪ್ಪನ್ನು ಬಂದರಿಗೆ ಮುಟ್ಟಿಸುತ್ತಿದ್ದ ಈ ರೈಲಿಗೆ ಬೋರಾ ಎಂಬ ಚಳಿಗಾಲದ ಬಿರುಗಾಳಿಯ ಕಾಟ ಎಷ್ಟಿತ್ತೆಂದರೆ, 1910ರಲ್ಲಿ ಮುಜ್ಜಾ ಊರಿನ ಬಳಿ ಗಾಳಿ ಗಾಡಿಯನ್ನೇ ಉರುಳಿಸಿ ಜನ ಸತ್ತಿದ್ದರು. ಮುಂದೆ ಬಸ್ಸು, ಲಾರಿಗಳ ಪೈಪೋಟಿ ಹೆಚ್ಚಿ 1935ರ ಆಗಸ್ಟ್ 31ರಂದು ಕೊನೆಯ ರೈಲು ಓಡಿತು. ಆಗ ಆ ನೆಲ ಇಟಲಿಯದು. ಅದೇ ವರ್ಷ ಇಟಲಿ ಅಬಿಸೀನಿಯಾದ (ಈಗಿನ ಇಥಿಯೋಪಿಯಾದ) ಮೇಲೆ ಯುದ್ಧಕ್ಕೆ ಹೋಯಿತು. ಕಿತ್ತ ಹಳಿಗಳನ್ನು ಹಡಗಿನಲ್ಲಿ ಅಲ್ಲಿಗೇ ಸಾಗಿಸಿದರೆಂದು ಆ ಕಡೆಯವರು ಇಂದಿಗೂ ಹೇಳುತ್ತಾರೆ.

ಹಳಿ ಹೋದರೂ ಅದರ ಅಡಿಯ ಪಾತಳಿ ಅಳಿಯಲಿಲ್ಲ. ಸುರಂಗ, ಸೇತುವೆ, ಆರುನೂರಕ್ಕೂ ಹೆಚ್ಚು ಮೋರಿಗಳು ಪೊದೆಗಳ ನಡುವೆ ಉಳಿದುಕೊಂಡಿದ್ದವು. ಇಷ್ಟರಲ್ಲಿ ಒಂದೇ ರಾಜ್ಯದ ಮಾರ್ಗ ಮೂರು ದೇಶಗಳಿಗೆ ಹಂಚಿಹೋಗಿತ್ತು: ಸುಮಾರು 13 ಕಿ.ಮೀ. ಇಟಲಿಗೆ, 32 ಕಿ.ಮೀ. ಸ್ಲೊವೇನಿಯಾಕ್ಕೆ, 78 ಕಿ.ಮೀ. ಕ್ರೊಯೇಶಿಯಾಕ್ಕೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಐರೋಪ್ಯ ಒಕ್ಕೂಟದ ನೆರವಿನೊಂದಿಗೆ ಅಲ್ಲಿನವರು ಪೊದೆ ಕಡಿದು, ಸುರಂಗ ತೆರವುಗೊಳಿಸಿ, ಅದನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟು ‘ಆರೋಗ್ಯ ಮತ್ತು ಸ್ನೇಹದ ದಾರಿ’ ಎಂದು ಹೆಸರಿಟ್ಟರು.

ಸ್ಲೊವೇನಿಯಾದ ಭಾಗದಲ್ಲಿ ಹೆಚ್ಚಿನ ಕಡೆ ಡಾಂಬರಿದೆ. ಗಡಿ ದಾಟಿ ಕ್ರೊಯೇಶಿಯಾದ ಬುಯೆ ಪಟ್ಟಣದ ಆಚೆ ಹೋದರೆ ಬಹುಪಾಲು ಜಲ್ಲಿ ದಾರಿ. ಗ್ರೋಜ್ನ್ಯಾನ್ ಎಂಬ ಕಲ್ಲಿನ ಊರಿನ ಹತ್ತಿರ ದಾರಿ ಸಮುದ್ರ ಮಟ್ಟದಿಂದ 293 ಮೀಟರ್ ಎತ್ತರ ಮುಟ್ಟುತ್ತದೆ, ಅಲ್ಲಿಂದ ಗುಡ್ಡದ ಮೈಯನ್ನು ಬಳಸುತ್ತ ಮಿರ್ನಾ ನದಿಯ ಕಣಿವೆಯ ಲಿವಾದೆಗೆ ಇಳಿದು, ಎದುರು ದಡದಲ್ಲಿ ಕೋಟೆಯೂರು ಮೊತೊವುನ್‌ನ ಕೆಳಗೆ ಮತ್ತೆ ಏರುತ್ತದೆ. ಅರವತ್ತು ದಾಟಿದ ನಾನು ಆ ಏರನ್ನು ಒಮ್ಮೆಯೂ ಇಳಿದು ತಳ್ಳದೆ ಹತ್ತಿದೆನೆಂದರೆ ಅದಕ್ಕೆ ಕಾರಣ ನನ್ನ ಕಾಲಿನ ಬಲವಲ್ಲ. ಉಗಿಬಂಡಿ ಹತ್ತಲೆಂದು ಮಾಡಿದ ದಾರಿಯಾದ್ದರಿಂದ ಅದರ ಅತಿ ಕಡಿದಾದ ಏರೂ ಸಾವಿರ ಮೀಟರಿಗೆ 28 ಮೀಟರನ್ನು ಮೀರುವುದಿಲ್ಲ. ಸುರಂಗದ ತಂಪಿನಿಂದ ಹೊರಬಿದ್ದರೆ ದ್ರಾಕ್ಷಿ ತೋಟ, ಕಣಿವೆಯ ಮೇಲಿನ ಕಲ್ಲಿನ ಕಮಾನು ಸೇತುವೆ, ಮತ್ತೆ ಓಕ್ ಮರಗಳ ನೆರಳು. ಗಂಟೆಗಟ್ಟಲೆ ಹಾರ್ನ್ ಕೇಳದೆ ಟೈರಿನಡಿ ಜಲ್ಲಿ ನುರಿಯುವ ಸದ್ದನ್ನಷ್ಟೇ ಕೇಳಿಕೊಂಡು ಹೋದದ್ದು ನನ್ನ ಬಾಳಿನಲ್ಲಿ ಎಷ್ಟೋ ವರ್ಷಗಳ ನಂತರ. ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರಿದ್ದರು, ಊರುಗೋಲು ಹಿಡಿದ ಮುದುಕರಿದ್ದರು. ಹಾಗೆಂದು ದಾರಿ ಉದ್ದಕ್ಕೂ ಪೂರ್ತಿ ವಾಹನಮುಕ್ತವೆಂದಲ್ಲ. ಊರುಗಳ ಸಮೀಪ ಅದು ಸಾಮಾನ್ಯ ರಸ್ತೆಯನ್ನು ಸೇರುತ್ತದೆ, ತೋಟಗಳಿಗೆ ಹೋಗುವ ಟ್ರ್ಯಾಕ್ಟರುಗಳೂ ಎದುರಾಗುತ್ತವೆ.

ಆದರೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡ ಜಾಗ ಬೇರೆ. ಸ್ಲೊವೇನಿಯಾ ಮುಗಿಯುವಲ್ಲಿ, ಸೆಚೋವ್ಲ್ಯೆಯಲ್ಲಿ, ದಾರಿ ಉಪ್ಪಿನ ಆಗರಗಳ ಅಂಚಿಗೆ ಬರುತ್ತದೆ. ಮಣ್ಣಿನ ಒಡ್ಡು, ಚೌಕ ಮಡಿ, ಮರದ ಹಲಗೆಯಿಂದ ಉಪ್ಪು ಎಳೆಯುವ ಆಳು, ನೀರಿನಲ್ಲಿ ನಿಂತ ಬೆಳ್ಳಕ್ಕಿ. ಏಳು ನೂರು ವರ್ಷಗಳಿಂದ ಉಪ್ಪು ಬೆಳೆಯುತ್ತಿರುವ ಆ ನೆಲವನ್ನು ನೋಡಿದಾಗ ನನಗೆ ನೆನಪಾದದ್ದು ಗೋಕರ್ಣದ ಬಳಿಯ ನಮ್ಮ ಉಪ್ಪಿನೂರು ಸಾಣಿಕಟ್ಟಾ. ಸೆಚೋವ್ಲ್ಯೆ 1993ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನಮ್ಮ ಅಘನಾಶಿನಿ ಅಳಿವೆ ಸೇರಿದ್ದು 2024ರಲ್ಲಿ. ಅಲ್ಲಿ ಸೈಕಲ್ ದಾರಿ ಆಗರದ ಹೊಟ್ಟೆಯನ್ನು ಸೀಳಿಕೊಂಡು ಹೋಗದೆ ಅಂಚನ್ನು ಹಿಡಿದು ಹೋಗುತ್ತದೆ. ಹಕ್ಕಿಗಳಿಗೂ ಉಪ್ಪಿನವರಿಗೂ ತೊಂದರೆಯಾಗದಂತೆ ಜನ ಹತ್ತಿರ ಬರಬಹುದೆಂಬುದಕ್ಕೆ ಅದು ಸಾಕ್ಷಿ.

ನಮ್ಮಲ್ಲಿ ಬಿಟ್ಟುಹೋದ ರೈಲು ಹಳಿ ಇಲ್ಲ ಎಂಬುದು ನಿಜ. ಆದರೆ ಗಜನಿ ಗದ್ದೆಗಳ ಒಡ್ಡುಗಳಿವೆ, ಹೊಳೆಯಂಚಿನ ಹಳೆಯ ಗಾಡಿದಾರಿಗಳಿವೆ, ಮಿರ್ಜಾನ ಕೋಟೆಯಿಂದ ಕಡಲ ಕಡೆಗೆ ಊರೂರು ಜೋಡಿಸುವ ಕೆಂಪು ಮಣ್ಣಿನ ಹಾದಿಗಳಿವೆ. ಇವು ಹೆಚ್ಚುಕಡಿಮೆ ಮಟ್ಟಸವಾದ ನೆಲ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದ ಮೆಣಸಿನ ವ್ಯಾಪಾರವನ್ನೂ, ಮಾಣಿಕಟ್ಟಾದ ಉಪ್ಪುನೀರು ತಾಳುವ ಕಗ್ಗ ಭತ್ತವನ್ನೂ, ಸಾಣಿಕಟ್ಟಾದ ಉಪ್ಪನ್ನೂ ಒಂದೇ ದಿನದಲ್ಲಿ ಮಕ್ಕಳಿಗೆ ತೋರಿಸಬಲ್ಲ ನೆಲವೂ ಹೌದು. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ನಮ್ಮ ಶಾಲೆಯ ಅಂಗಳದಲ್ಲಿ ಸೈಕಲ್ಲುಗಳ ಸಾಲೇ ನಿಂತಿತ್ತು. ಹೆದ್ದಾರಿಯಲ್ಲಿ ಮಕ್ಕಳನ್ನು ಕಳಿಸಲು ಹೆದರಿದ ಮನೆಗಳಲ್ಲಿ ಎಷ್ಟೋ ಸೈಕಲ್ಲುಗಳು ತುಕ್ಕು ಹಿಡಿದದ್ದನ್ನೂ ನಾನೇ ಕಂಡಿದ್ದೇನೆ.

ಒಳದಾರಿಗಳಿಗೆ ಕಾಂಕ್ರೀಟು ಹಾಕಿಸಿ ಎಂಬುದು ಈಗ ಎಲ್ಲ ಕಡೆಯ ಬೇಡಿಕೆ. ಕೆಸರಿನಲ್ಲಿ ನಡೆದು ಬೇಸತ್ತವರು ಹಾಗೆ ಕೇಳುವುದು ಸಹಜ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಾಂಕ್ರೀಟು ಬಿದ್ದ ಮರುವರ್ಷವೇ ಮರಳು, ಚಿರೆಕಲ್ಲಿನ ಲಾರಿಗಳು ಅದೇ ದಾರಿ ಹಿಡಿಯುತ್ತವೆ, ಸೈಕಲ್ಲು ಮತ್ತೆ ಅಂಚಿಗೆ ಸರಿಯುತ್ತದೆ. ಕೆಳಗೆ ದಪ್ಪ ಕಲ್ಲು, ಮೇಲೆ ಪುಡಿಯೊಡನೆ ಬೆರೆಸಿ ರೋಲರಿನಿಂದ ಗಟ್ಟಿ ಮಾಡಿದ ಸಣ್ಣ ಜಲ್ಲಿ, ನಡುವೆ ತುಸು ಉಬ್ಬು, ಎರಡೂ ಬದಿಗೆ ಚರಂಡಿ, ತಗ್ಗು ಇದ್ದಲ್ಲೆಲ್ಲ ಮೋರಿ, ತುದಿಯಲ್ಲಿ ಲಾರಿ, ಕಾರು ನುಗ್ಗದಂತೆ ಕಲ್ಲಿನ ಕಂಬ ಇದ್ದರೆ ಸೈಕಲ್ಲಿಗೆ ಸಾಕು. ವರ್ಷಕ್ಕೆ 3,000 ಮಿ.ಮೀ. ದಾಟುವ ನಮ್ಮ ಮಳೆಗೆ ಜಲ್ಲಿ ಕೊಚ್ಚಿಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮೋರಿ, ಚರಂಡಿ ಇಲ್ಲದಿದ್ದರೆ ಖಂಡಿತ ಕೊಚ್ಚಿಹೋಗುತ್ತದೆ. ಇದ್ದರೂ ಪ್ರತಿ ದೀಪಾವಳಿಯ ಹೊತ್ತಿಗೆ ಒಮ್ಮೆ ದುರಸ್ತಿ ಬೇಕು. ಆ ದುರಸ್ತಿಯನ್ನು ಊರಿನ ಕೈಗಳೇ ಮಾಡಬಹುದು.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ಅಘನಾಶಿನಿಯ ಉತ್ತರ ದಂಡೆಯಲ್ಲಿ ಐದಾರು ಕಿ.ಮೀ. ಉದ್ದದ ಒಂದೇ ಒಂದು ದಾರಿಯನ್ನು, ಗಜನಿ ರೈತರ ಮತ್ತು ಉಪ್ಪಿನ ಆಗರದವರ ಒಪ್ಪಿಗೆ ಪಡೆದು, ಹಕ್ಕಿಗಳು ಗೂಡು ಕಟ್ಟುವ ಜಾಗಗಳನ್ನು ಬಿಟ್ಟು ಗುರುತಿಸಲಿ. ಅದಕ್ಕೆ ಕಾಂಕ್ರೀಟು ಮಂಜೂರು ಮಾಡುವ ಮೊದಲು ಎರಡು ಮಳೆಗಾಲ ಜಲ್ಲಿ ದಾರಿಯಾಗಿಟ್ಟು ನೋಡಲಿ. ಅಳತೆಗೆ ಬರುವ ದಿನ ತಿಳಿಸಿದರೆ, ಯಾವ ಒಡ್ಡಿನ ಮೇಲೆ ಯಾವ ತಿಂಗಳು ನೀರು ನಿಲ್ಲುತ್ತದೆಂದು ತೋರಿಸಲು ನಾನೂ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರೂ ಸೈಕಲ್ ಸಮೇತ ಬರುತ್ತೇವೆ.

ಇತಿ,
ನಿವೃತ್ತ ಶಿಕ್ಷಕ, ಕುಮಟಾ ತಾಲ್ಲೂಕು, ಉತ್ತರ ಕನ್ನಡ