ಬುತ್ತಿ ಮುಟ್ಟಸೋರ ಸಲುವಾಗಿನೂ ನಾಕು ಸಾಲು ಬರೀರಿ

ಸಂಪಾದಕರಿಗೆ ನಮಸ್ಕಾರ್ರೀ,

2025ರ ಜುಲೈದಾಗ ರಾಜಗಡ, ರಾಯಗಡ ಎಲ್ಲಾ ಸೇರಿ ಮರಾಠರ 12 ಕೋಟೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗಿಂದ ಪೇಪರ್‌ನ್ಯಾಗ ಸಹ್ಯಾದ್ರಿ ಟ್ರೆಕ್ಕಿಂಗಿನ ಲೇಖನ ಭಾಳ ಬರಾಕತ್ತಾವ, ಓದಾಕ ಖುಷಿನೂ ಆಗತೈತಿ. ಆದ್ರ ಎಲ್ಲಾದ್ರಾಗೂ ನಡಿಯೋನ ಕಥಿನ, ಎಷ್ಟು ಕಿಲೋಮೀಟರ್ ನಡದ, ಕಾಲಿಗೆ ಎಷ್ಟು ಬೊಬ್ಬಿ ಎದ್ದು ಅಂತ. ಅವಂಗ ನಡುವ ಬುತ್ತಿ ಒಯ್ದು ಮುಟ್ಟಸೋರು ಅಂತ ಇನ್ನೊಂದು ಜಾತಿ ಐತಿ, ನಾನೂ ಈಗ ಅದರಾಗ ಸೇರೀನಿ, ಅದಕ್ಕ ಈ ಪತ್ರ.

ಹುಬ್ಬಳ್ಳಿ ಕಡೆ ಗೆಳ್ಯಾ ಒಬ್ಬ ಹೋದ ಡಿಸೆಂಬರ್‌ದಾಗ ಪುಣೆ ಮಗ್ಗಲಿನ ಸಿಂಹಗಡ ಕೋಟೆಯಿಂದ ರಾಯಗಡಕ್ಕ 5 ದಿನ ನಡಕೋತ ಹೊಂಟಿದ್ದ. ಸಿಂಹಗಡ, ರಾಜಗಡ, ತೋರಣಾ, ಆಮ್ಯಾಲ ಘಟ್ಟ ಇಳದು ರಾಯಗಡ, ಪುಣೆ ಟ್ರೆಕ್ಕರ್ ಮಂದಿಗೆಲ್ಲಾ ಗೊತ್ತಿದ್ದ ದಾರಿನ ಅದು. ಐದೂ ದಿನದ ಕೂಳು ಮೊದಲ್ನೇ ದಿನಾನ ಬೆನ್ನಿಗೆ ಹೇರಕೊಂಡ್ರ ರಾಜಗಡ ಏರೋದ್ರಾಗ ಮಣಕಾಲು ಮಾತಾಡ್ತಾವ. ಅದಕ್ಕ ಮೂರನೇ ದಿನ ನಾನು ತೋರಣಾಕ್ಕ ಬಂದು ಸಾಮಾನು ಕೊಡೋದು, ಮರುದಿನ ಜೊತೀಗೆ ನಡಿಯೋದು ಅಂತ ಮಾತಾಗಿತ್ತು.

ಅಂವ ಬರದು ಕೊಟ್ಟಿದ್ದು ಇಷ್ಟ: 12 ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎರಡು ಜೋಡಿ ಸಾಕ್ಸ್, 6 ಓಆರ್‌ಎಸ್ ಪಾಕೀಟು, ಚಾರ್ಜ್ ಮಾಡಿದ ಪವರ್ ಬ್ಯಾಂಕ್. (ಜ್ವಾಳದ ಕಡಕ್ ರೊಟ್ಟಿ ಮುಂದ ಯಾವ ಟ್ರೆಕ್ಕಿಂಗ್ ಊಟಾನೂ ಇಲ್ಲ ನೋಡ್ರಿ, ತೂಕಿಲ್ಲ, ಜಲ್ದಿ ಕೆಡಂಗಿಲ್ಲ, ಪುಡಿ ಆದ್ರೂ ನಡೀತೈತಿ. ಅಷ್ಟು ರೊಕ್ಕ ಕೊಟ್ಟು ಎನರ್ಜಿ ಬಾರ್ ಯಾಕ ತಗೋತಾರೋ.) ಇಷ್ಟನ್ನ ಒಯ್ದಿದ್ರ ಚಿಂತಿ ಇರ್ಲಿಲ್ಲ. ಪಾಪ ಹುಡುಗ ಮೂರು ದಿನದಿಂದ ಗುಡ್ಡದಾಗ ಅದಾನ ಅಂತ ನಮ್ಮನ್ಯಾಗ 2 ಕಿಲೋ ಸೇಬು, ಡಬ್ಬಿ ತುಂಬ ಬೇಸನ್ ಉಂಡಿ, ತುಪ್ಪ, ಹೊಚ್ಚಗೊಳ್ಳಾಕ ಮತ್ತೊಂದು ಶಾಲು, ನಾನೂ ಬ್ಯಾಡ ಅನ್ಲಿಲ್ಲ ಬಿಡ್ರಿ, ಒಟ್ಟು ಬ್ಯಾಗ್ 12 ಕಿಲೋ ಆತು.

ಪುಣೆ ಸ್ವಾರಗೇಟ್ ಸ್ಟ್ಯಾಂಡಿನಿಂದ ಎಸ್‌ಟಿ (ಮಹಾರಾಷ್ಟ್ರದ ಸರ್ಕಾರಿ ಬಸ್ಸು) ಹಿಡದು ತೋರಣಾ ಬುಡದಾಗಿನ ವೆಲ್ಹೆ ಊರಿಗೆ ಇಳದೆ. ತೋರಣಾ 1403 ಮೀಟರ್, ಪುಣೆ ಜಿಲ್ಲಾದಾಗ ಎಲ್ಲಾಕ್ಕಿಂತ ಎತ್ತರದ ಕೋಟೆ, ಅದನ್ನ ಸೇಬು ಹೊತ್ತು ಏರಿದೆ. ಶಿವಾಜಿ ಮಹಾರಾಜರಿಗೆ ತೋರಣಾದಾಗ ಸಿಕ್ಕ ನಿಧಿಯಿಂದಾನ ರಾಜಗಡ ಕಟ್ಟಿಸಿದ್ರು ಅಂತಾರ, ಅಂದ್ರ ಆವಾಗ ಮಾಲು ತೋರಣಾದಿಂದ ಇಳದು ಹೋಗಿತ್ತು, ನಾ ಒಬ್ಬನ ಉಲ್ಟಾ ಏರಸಾಕತ್ತಿದ್ದೆ. ನಾಕು ಗಂಟೆಗೆ ಬುಧ್ಲಾ ಮಾಚಿಗೆ (ಮಾಚಿ ಅಂದ್ರ ಕೋಟೆಯಿಂದ ಹೊರಚಾಚಿದ ಗುಡ್ಡದ ಸಾಲು) ಹೋಗಿ ಕುಂತೆ. ಐದಾತು, ಆರಾತು, ಹೊತ್ತು ಮುಳುಗ್ತು, ಅಂವ ಇಲ್ಲ, ಫೋನಿಗೆ ನೆಟ್‌ವರ್ಕ್ ಇಲ್ಲ, ಎಲ್ಲಿ ಬಿದ್ದಾನೋ ಏನೋ ಅಂತ ನನ್ನ ಜೀವ ಕೈಯಾಗ ಬಂದಿತ್ತು.

ಅಂವ ಬಂದಾಗ ಎಂಟು ಗಂಟೆ, ಹಣಿಗೆ ಟಾರ್ಚು, ಮಾರಿ ಕೆಂಪಗ. ರಾಜಗಡದ ಸಂಜೀವನಿ ಮಾಚಿ ಇಳದು ಗುಡ್ಡದ ಬೆನ್ನು ಹಿಡದು ತೋರಣಾಕ್ಕ ಬರೋ ದಾರಿಯಾಗ ನಡುವ ಒಂದು ಕಡೆ ಡಾಂಬರ್ ರೋಡ್ ಅಡ್ಡ ಬರತೈತಿ. ಸಾಮಾನು ತರೋನು ಗಾಡಿ ಮಾಡ್ಕೊಂಡು ಅಲ್ಲಿಗೇ ಬರ್ತಾನ, ಬುದ್ಧಿ ಇದ್ದೋರು ಯಾರರ ಗುಡ್ಡ ಏರಿಸ್ತಾರೇನು ಅಂತ ಅಂವ ಆ ರೋಡಿನ ಮ್ಯಾಲ ಮೂರು ತಾಸು ಕುಂತಿದ್ದ! ಮೆಸೇಜೂ ಹಾಕಿದ್ನಂತ, ಅದು ನನಗ ಮುಟ್ಟಿದ್ದು ಮರುದಿನ. ಸೇಬು ನೋಡಿ, ನಾ ಏನ್ ಮದುವಿಗೆ ಹೊಂಟೀನೇನೋ ಅಂದ. ಆಮ್ಯಾಲ ಮೆಂಗಾಯಿ ದೇವಿ ಗುಡಿಯಾಗ ಮಲಗಾಕ ಬಂದ ಹುಡುಗರಿಗೆ ಸೇಬು ಉಂಡಿ ಎಲ್ಲಾ ಹಂಚಿದ್ವಿ, ಅವರು ಮಾತ್ರ ಭಾಳ ಖುಷಿ ಆದ್ರು.

ಆದ್ರ ನಾ ಹೋಗಿದ್ದು ಪೂರಾ ದಂಡ ಆಗ್ಲಿಲ್ಲ. ಮರುದಿನ ಮೊಹರಿ ಊರತನಕ ಜೊತೀಗೆ ನಡದೆ. ಅಲ್ಲಿಂದ ಮುಂದ ಬೋರಾಟ್ಯಾ ನಾಳ ಅಂತ ಘಟ್ಟ ಇಳಿಯೋ ಕೊರಕಲು ಐತಲ್ರೀ, ಲಿಂಗಾಣಾ ಕೋಟೆ ಮಗ್ಗಲಾಗ, ಬರೇ ಸಡ್ಲು ಕಲ್ಲಿನ ಇಳಜಾರ, ಅಲ್ಲಿ ಬೆನ್ನಿನ ಮ್ಯಾಲ ಭಾರ ಇದ್ರ ಅದ ನಮ್ಮನ್ನ ಮುಂದಕ್ಕ ದಬ್ಬತೈತಿ. ಅದಕ್ಕ ಮೊಹರಿಯಾಗ ಅವನ ಬ್ಯಾಗ್ ಪೂರಾ ಬಿಚ್ಚಿ ಟೆಂಟು, ಹೊಲಸು ಅರಬಿ, ಖಾಲಿ ಪ್ಲಾಸ್ಟಿಕ್, ಒಂದ್ಸಲನೂ ತಗೀಲಾರದ ಕ್ಯಾಮೆರಾ, ಎಲ್ಲಾ ನನ್ನ ಬ್ಯಾಗಿಗೆ ತುಂಬಕೊಂಡು ಊರಿನವರ ಜೀಪ್‌ನ್ಯಾಗ ವಾಪಸ್ ಬಂದೆ. ನಾ ಕೊಟ್ಟಿದ್ದಕ್ಕಿಂತ ವಾಪಸ್ ತಂದಿದ್ದ ಅವಂಗ ಹೆಚ್ಚು ಉಪಯೋಗ ಆತು, ಮರುದಿನ ಸಂಜಿಕ ರಾಯಗಡದ ಬುಡದ ಪಾಚಾಡದಿಂದ ಫೋನ್ ಹಚ್ಚಿ ಅವನ ಹೇಳಿದ ಮಾತಿದು.

ನಂದೊಂದ ವಿನಂತಿ ಸಾಹೇಬ್ರ. ಮುಂದಿನ ಸಲ ಇಂಥಾ ಉದ್ದನ ಟ್ರೆಕ್ ಬಗ್ಗೆ ಹಾಕಿದಾಗ ದಾರಿಗೆ ರೋಡ್ ಎಲ್ಲಿ ಅಡ್ಡ ಬರತೈತಿ, ಎಸ್‌ಟಿ ಯಾವ ಊರತನಕ ಹೋಗತೈತಿ, ಫೋನ್ ಎಲ್ಲಿ ಹತ್ತಂಗಿಲ್ಲ, ಇವನ್ನೂ ಬರಸ್ರಿ. ಇಂಥಾ ಜಾಗಾದಾಗ ಇಷ್ಟೊತ್ತಿನತನಕ ಕಾಯೋದು, ಬರ್ಲಿಲ್ಲಂದ್ರ ಮುಂದ ಹೋಗೋದು ಅಂತ ಮನ್ಯಾಗ ಕುಂತಾಗನ ಚೀಟಿ ಮ್ಯಾಲ ಬರಕೊಳ್ರಿ ಅಂತನೂ ಒಂದು ಸಾಲು ಇರ್ಲಿ. ಕೋಟೆ ಫೋಟೋ ಒಂದು ಕಮ್ಮಿ ಆದ್ರೂ ನಡೀತೈತಿ.

ಅವನ ಟೆಂಟು ಇನ್ನೂ ನಮ್ಮ ಗ್ಯಾಲರಿಯಾಗ ಬಿದ್ದೈತಿ, ಒಯ್ಯಾಕ ಬಂದಿಲ್ಲ ಮಗ.

ಇಂತಿ,
ನಿಮ್ಮ ಓದುಗ, ಕಾತ್ರಜ್, ಪುಣೆ